ಟೈಗರ್ ಹಿಲ್ಲನ್ನ ಯೋಗೇಂದ್ರ ಯಾದವ್ ಒಬ್ರೇ ಗೆದ್ರು ಅಂತ ಸ್ಕೂಲ್ ಮಕ್ಕಳಿಗೆ ಹೇಳ್ಬೋದಾ? ಗೊತ್ತಿರೋರು ಸ್ವಲ್ಪ ಹೇಳಿ

ಚಿಂತಾಮಣಿ ಹುಡುಗ:

ಎಲ್ರಿಗೂ ನಮಸ್ಕಾರ. ನಮ್ದು ಚಿಂತಾಮಣಿ ತಾಲ್ಲೂಕು, ಮನೇಲಿ ತೆಲುಗು ಮಾತಾಡೋದು, ಅದಕ್ಕೆ ಬರೆಯೋದ್ರಲ್ಲಿ ಹೆಚ್ಚುಕಮ್ಮಿ ಇದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ. ವಿಷ್ಯ ಏನಂದ್ರೆ ಜುಲೈ 26ಕ್ಕೆ ನಮ್ಮೂರ ಹೈಸ್ಕೂಲಲ್ಲಿ ಕಾರ್ಗಿಲ್ ವಿಜಯ ದಿವಸ ಮಾಡ್ತಾವ್ರೆ, ಯುವಕರ ಸಂಘದ ಕಡೆಯಿಂದ ಯಾರಾದ್ರೂ ಒಬ್ರು ಮಾತಾಡ್ರಪ್ಪ ಅಂತ ಹೆಡ್‌ಮೇಷ್ಟ್ರು ಹೇಳಿದ್ದೇ ತಡ ಎಲ್ರೂ ಸೇರಿ ನನ್ನ ತಲೆಗೆ ಕಟ್ಟಿದ್ರು. ಸರಿ, 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಅನ್ನೋ ಬೆಟ್ಟದ ಮೇಲೆ ಹೋರಾಡಿ ಪರಮವೀರ ಚಕ್ರ ಪಡೆದ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಬಗ್ಗೆ ಹೇಳೋಣ, ಆಗ ಅವ್ರಿಗೆ ಬರೀ 19 ವರ್ಷ, ಹುಡುಗ್ರಿಗೂ ಇಷ್ಟ ಆಗುತ್ತೆ ಅಂತ ಯೂಟ್ಯೂಬ್ ನೋಡ್ತಾ ಕೂತೆ.

ನೋಡಿದಷ್ಟೂ ತಲೆ ಕೆಡ್ತು. ಒಂದ್ರಲ್ಲಿ ಮೂರು ಗುಂಡು ಅಂತಾರೆ ಒಂದ್ರಲ್ಲಿ 15 ಅಂತಾರೆ, ವಾಟ್ಸಾಪ್ ಮೆಸೇಜಲ್ಲಿ ಅದಕ್ಕೂ ಮೇಲೆ. ಒಬ್ರೇ ಬೆಟ್ಟ ಹತ್ತಿ ಒಬ್ರೇ ಟೈಗರ್ ಹಿಲ್ ಗೆದ್ರು ಅಂತ ಮ್ಯೂಸಿಕ್ ಹಾಕಿ ತೋರಿಸ್ತಾರೆ. ನಮ್ಮ ಸಂಘದಲ್ಲೇ ಒಬ್ಬ ಕೇಳ್ದ, ಲೋ ಒಬ್ರೇ ಗೆದ್ದಿದ್ರೆ ಮಿಕ್ಕಿದೋರು ಏನ್ ಮಾಡ್ತಿದ್ರು ಅಂತ, ನನ್ ಹತ್ರ ಉತ್ತರ ಇರ್ಲಿಲ್ಲ. ಇನ್ನೊಂದು, ವಿಮಾನದಲ್ಲಿ ಬಾಂಬ್ ಹಾಕ್ಬೋದಿತ್ತಲ್ವಾ, ಆ ಹಿಮದಲ್ಲಿ ಹಗ್ಗ ಕಟ್ಕೊಂಡು ಮನುಷ್ಯರೇ ಯಾಕೆ ಹತ್ಬೇಕಿತ್ತು? ಹತ್ತನೇ ಕ್ಲಾಸ್ ಹುಡುಗ್ರು ಇದನ್ನ ಕೇಳೇ ಕೇಳ್ತಾರೆ. ಮಿಲಿಟ್ರೀಲಿ ಇದ್ದೋರು ಯಾರಾದ್ರೂ ಇದ್ರೆ ದಯವಿಟ್ಟು ಬಿಡಿಸಿ ಹೇಳಿ.

ಕೆಜಿಎಫ್ ಮಗಾ:

ಬ್ರೋ ಬೇಜಾರ್ ಮಾಡ್ಕೋಬೇಡ, ಆದ್ರೆ 15 ಗುಂಡು ತಿಂದು ಬದುಕೋದು, ಎದೆಗೆ ಬಂದ ಗುಂಡು ಜೇಬಲ್ಲಿದ್ದ ಐದು ರೂಪಾಯಿ ಕಾಯಿನ್ನಿಗೆ ತಾಗಿ ಉಳ್ಕೊಳ್ಳೋದು, ಇದೆಲ್ಲ ಸಿನಿಮಾ ಥರ ಅನ್ಸಲ್ವಾ? ನಾನು ದೇಶದ್ರೋಹಿ ಅಲ್ಲಪ್ಪ ಮೊದ್ಲೇ ಹೇಳ್ಬಿಡ್ತೀನಿ. ಸೈನಿಕರು ಗ್ರೇಟ್ ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಟಿವಿಯೋರು ಮಸಾಲೆ ಹಾಕಿ ಹಾಕಿ ಯಾವುದು ನಿಜ ಯಾವುದು ಬಿಲ್ಡಪ್ಪು ಅಂತ್ಲೇ ಗೊತ್ತಾಗ್ದಂಗೆ ಮಾಡವ್ರೆ. ಮಕ್ಕಳಿಗೆ ಹೇಳೋಕ್ ಮುಂಚೆ ಚೆಕ್ ಮಾಡು ಅಷ್ಟೇ.

ಕೋಲಾರದ ಮೇಷ್ಟ್ರು:

ಇಬ್ಬರೂ ಕೇಳಿರೋದು ಸರಿಯಾಗೇ ಇದೆ. ಮೊದಲು ಸರ್ಕಾರಿ ದಾಖಲೆಯಿಂದ ಶುರು ಮಾಡೋಣ. ಪರಮವೀರ ಚಕ್ರ ಕೊಡುವಾಗ ಒಂದು ಸೈಟೇಷನ್, ಅಂದ್ರೆ ಯಾಕೆ ಕೊಟ್ರು ಅನ್ನೋ ವಿವರ ಬರೀತಾರೆ, ಅದು ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ವೆಬ್‌ಸೈಟಲ್ಲಿ ಸಿಗುತ್ತೆ, ಯಾರು ಬೇಕಾದ್ರೂ ಓದಬಹುದು. ಅದರ ಜೊತೆಗೆ ಬೇರೆ ಕಡೆ ಸಿಗೋ ವಿವರಾನೂ ಸೇರಿಸಿ ಹೇಳ್ತೀನಿ. 1999ರ ಜುಲೈ 3-4ರ ರಾತ್ರಿ, 18 ಗ್ರೆನೇಡಿಯರ್ಸ್ ಪಲ್ಟನ್ನಿನ ಘಾತಕ್ ಪ್ಲಟೂನ್ (ಮುಂದೆ ನುಗ್ಗಿ ದಾಳಿ ಮಾಡೋ ಚಿಕ್ಕ ತಂಡ), ಸುಮಾರು 16,500 ಅಡಿ ಎತ್ತರದಲ್ಲಿ ಹಿಮ ಕವಿದ ನೆಟ್ಟಗಿನ ಬಂಡೆ. ಯಾದವ್ ತಾವಾಗೇ ಮುಂದೆ ಬಂದು ನಾನು ಮೊದಲು ಹತ್ತಿ ಹಗ್ಗ ಕಟ್ತೀನಿ ಅಂತಾರೆ. ಅರ್ಧ ದಾರೀಲಿ ಮೇಲಿನ ಬಂಕರಿಂದ ಮಷೀನ್ ಗನ್ನು, ರಾಕೆಟ್ಟು ಶುರುವಾಗುತ್ತೆ, ಜೊತೆಗಿದ್ದವರು ಬೀಳ್ತಾರೆ. ತೊಡೆಸಂದಿಗೆ ಭುಜಕ್ಕೆ ಮೂರು ಗುಂಡು ಬಿದ್ದ ಮೇಲೂ ಉಳಿದ 60 ಅಡಿ ಹತ್ತಿ, ತೆವಳಿಕೊಂಡು ಹೋಗಿ ಬಂಕರಿಗೆ ಗ್ರೆನೇಡ್ ಹಾಕ್ತಾರೆ. ಅಲ್ಲಿದ್ದ ನಾಲ್ಕು ಜನ ಸಾಯ್ತಾರೆ, ಫೈರ್ ನಿಲ್ಲುತ್ತೆ, ಹಿಂದಿದ್ದ ಪ್ಲಟೂನಿಗೆ ಹತ್ತೋಕೆ ದಾರಿಯಾಗುತ್ತೆ. ಆಮೇಲೆ ಇನ್ನಿಬ್ಬರ ಜೊತೆ ಎರಡನೇ ಬಂಕರ್ ಮೇಲೆ ಬಿದ್ದು ಕೈಕೈ ಕಾದಾಟದಲ್ಲಿ ಇನ್ನೂ ಕೆಲವರನ್ನ ಕೊಲ್ತಾರೆ.

ಸೈಟೇಷನ್ನಲ್ಲಿ ಹಲವು ಗುಂಡಿನ ಗಾಯ ಅಂತಷ್ಟೇ ಇದೆ, ಮೂರು ಅನ್ನೋದು ಬಂಡೆ ಹತ್ತುವಾಗಿನ ಲೆಕ್ಕ ಅಂತ ಬೇರೆ ಕಡೆ ಹೇಳೋದು. 15 ಅನ್ನೋದು ಆ ಬೆಳಗಿನ ಹೊತ್ತಿಗೆ ಒಟ್ಟು ಮೈಗೆ ಬಿದ್ದದ್ದು ಅಂತ ಯಾದವ್ ಅವರೇ ಸಂದರ್ಶನಗಳಲ್ಲಿ ಹೇಳಿರೋದು. ಕಾಯಿನ್ ವಿಷಯವೂ ಅವರ ಬಾಯಿಂದಲೇ ಬಂದದ್ದು. ಹಾಗಾಗಿ ಎರಡೂ ಲೆಕ್ಕ ಒಂದಕ್ಕೊಂದು ತಾಕಲಾಡೋದಿಲ್ಲ. ಮಕ್ಕಳಿಗೆ ಸೈಟೇಷನ್ನಲ್ಲಿ ಹೀಗಿದೆ, ಅವರು ಹೀಗೆ ಹೇಳ್ತಾರೆ ಅಂತ ಬೇರೆ ಬೇರೆ ಮಾಡಿ ಹೇಳಿ, ಯಾರೂ ತಪ್ಪು ಹಿಡಿಯೋಕಾಗಲ್ಲ. ಯುದ್ಧದ ಒಳಗಿನ ಮಾತು ನನಗಿಂತ ಅದನ್ನ ಮಾಡಿದವರು ಹೇಳಬೇಕು, ನಮ್ಮ ಶಿರಾ ಹವಾಲ್ದಾರ್ ಸಾಹೇಬ್ರು ಎಲ್ಲಿ?

ಹಳೇ ಫೌಜಿ, ಶಿರಾ:

ಬಂದೆ ಸರ್, ಬೋರ್‌ವೆಲ್ ಮೋಟ್ರು ಎತ್ತಿಸ್ತಾ ಇದ್ವಿ, ಈಗ ಪುರ್ಸೊತ್ತಾಯ್ತು.

ತಮ್ಮ ಚಿಂತಾಮಣಿ, ನಾನು ಇನ್‌ಫೆಂಟ್ರಿ, ಅಂದ್ರೆ ಕಾಲ್ದಳದೋನು. ಕಾರ್ಗಿಲ್ ಲಡಾಯಿ ಟೈಮಲ್ಲಿ ನಾನಿನ್ನೂ ಭರ್ತಿ ಆಗಿರ್ಲಿಲ್ಲ, ಆಮೇಲೆ ಟೈಗರ್ ಹಿಲ್ ಇರೋ ದ್ರಾಸ್ ಕಡೆ ಡ್ಯೂಟಿ ಬಿತ್ತು, ಆ ಬೆಟ್ಟನ ದಿನಾ ನೋಡ್ತಿದ್ದೆ. ಅದಕ್ಕೆ ಈ ವಿಡಿಯೋಗಳಲ್ಲಿ ಯಾರೂ ಹೇಳ್ದೇ ಇರೋದನ್ನ ಹೇಳ್ತೀನಿ.

ಮೊದ್ಲು ವಿಮಾನದ ವಿಷ್ಯ. ಏರ್‌ಫೋರ್ಸ್ ಸುಮ್ನೆ ಕೂತಿರ್ಲಿಲ್ಲ. ಮೇ 26ಕ್ಕೇ ಆಪರೇಷನ್ ಸಫೇದ್ ಸಾಗರ್ ಅಂತ ಶುರುವಾಯ್ತು, ಜೂನ್ 24ಕ್ಕೆ ಮಿರಾಜ್ ವಿಮಾನ ಬಂದು ಇದೇ ಟೈಗರ್ ಹಿಲ್ ಮೇಲೆ ಲೇಸರ್ ಬಾಂಬ್ ಹಾಕ್ತು. ಕೆಳಗಿಂದ ಬೋಫೋರ್ಸ್ ತೋಪು, ಆ ಯುದ್ಧ ಮುಗಿಯೋ ಹೊತ್ಗೆ ನಮ್ಮ ತೋಪಿನೋರು ಎರಡೂವರೆ ಲಕ್ಷ ಶೆಲ್ ಹಾಕಿದ್ರು ಒಟ್ಟು. ಇಷ್ಟೆಲ್ಲ ಆದ್ರೂ ಬೆಟ್ಟ ಯಾಕ್ ಸಿಗ್ಲಿಲ್ಲ? ಶತ್ರು ಕೂತಿರೋದು ಸಂಗರ್ ಒಳಗೆ, ಅಂದ್ರೆ ಬಂಡೆ ಸಂದೀಲಿ ಕಲ್ಲು ಜೋಡ್ಸಿ ಮೇಲೆ ತಗಡೋ ಇನ್ನೇನೋ ಹಾಕ್ಕೊಂಡಿರ್ತಾನೆ. ಬಾಂಬಿಗೆ ಟೆಂಟು, ರೇಷನ್ನು, ಮದ್ದುಗುಂಡು ಎಲ್ಲ ಹೋಗುತ್ತೆ, ಅವ್ನ ಸಹಾಯಕ್ಕೆ ಬರೋರೂ ನಿಲ್ತಾರೆ. ಆದ್ರೆ ಬಂಡೆ ಆ ಕಡೆ ಅಂಟ್ಕೊಂಡು ಕೂತಿರೋ ನಾಲ್ಕು ಜನ, ಅವ್ರ ಕೈಲಿ ಒಂದು ಮಷೀನ್ ಗನ್ನು, ಅದು ಉಳ್ಕೊಂಡ್ರೂ ಸಾಕು ಕೆಳಗಿನೋರ್ನ ತಡೆಯೋಕೆ. ಹಿಂದಿನಿಂದ ಹೋಗಿ ಅವ್ನ ದಾರಿ ಕಟ್ ಮಾಡೋಣ ಅಂದ್ರೆ ಎಲ್‌ಒಸಿ, ಅಂದ್ರೆ ಗಡಿ ನಿಯಂತ್ರಣ ರೇಖೆ ದಾಟಂಗಿಲ್ಲ ಅಂತ ಸರ್ಕಾರದ ಆರ್ಡರ್ ಇತ್ತು. ಉಳಿದಿದ್ದು ಒಂದೇ ದಾರಿ, ನಡ್ಕೊಂಡು ಹೋಗಿ ಅವ್ನ ಮೇಲೆ ನಿಂತ್ಕೊಳ್ಳೋದು. ಜಾಗ ನಮ್ದಾಗೋದು ಇನ್‌ಫೆಂಟ್ರಿಯವ್ನ ಬೂಟು ಅಲ್ಲಿ ಬಿದ್ಮೇಲೆನೇ.

ಇನ್ನ ಹತ್ತೋದು. ನೀವು ಮಧುಗಿರಿ ಬೆಟ್ಟ ಹತ್ತಿದ್ರೆ ಗೊತ್ತಿರುತ್ತೆ, ಮೇಲ್ ಹೋಗ್ತಾ ಹೋಗ್ತಾ ಕಂಬಿ ಹಿಡ್ಕೊಂಡು ನಾಲ್ಕು ಕಾಲಲ್ಲಿ ಹೋಗ್ಬೇಕು, ಕೆಳಗೆ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಆ ಇಳಿಜಾರಿನ ಮೇಲೆ ಐಸ್ ಹಾಕಿ, ಕಂಬಿ ಕಿತ್ತಾಕಿ, ರಾತ್ರಿ ಲೈಟಿಲ್ದೆ, ಬೆನ್ನಲ್ಲಿ ಮದ್ದುಗುಂಡಿನ ಹೊರೆ, ಮೇಲ್ಗಡೆ ಬಂದೂಕು ಹಿಡ್ಕೊಂಡು ಒಬ್ಬ ಕಾಯ್ತಾ ಕೂತವ್ನೆ ಅಂದ್ಕೊಳ್ಳಿ. ಜೊತೆಗೆ ಗಾಳಿ. ಟೈಗರ್ ಹಿಲ್ 5,062 ಮೀಟರು, ನಮ್ಮ ನಂದಿ ಬೆಟ್ಟ 1,478. ಅಷ್ಟೆತ್ರದಲ್ಲಿ ನಮ್ಮೂರಲ್ಲಿ ಒಂದ್ಸಲ ಉಸಿರೆಳೆದ್ರೆ ಸಿಗೋ ಆಕ್ಸಿಜನ್ನು ಅರ್ಧದಷ್ಟೇ ಸಿಗೋದು. ಹತ್ತು ಹೆಜ್ಜೆ ಇಟ್ರೆ ನಾಯಿ ಥರ ಏದುಸಿರು. ಕೈ ಮರಗಟ್ಟಿ ಗ್ರೆನೇಡ್ ಪಿನ್ ಎಳೆಯೋಕೆ ಬೆರಳು ಮಾತು ಕೇಳಲ್ಲ. ಆಗ ಹೊಸದಾಗಿ ಬಂದಿದ್ದ ಇನ್ಸಾಸ್ ರೈಫಲ್ಲಿನ ಪ್ಲಾಸ್ಟಿಕ್ ಮ್ಯಾಗಜೀನು ಚಳಿಗೆ ಬಿರುಕು ಬಿಡ್ತಿತ್ತು ಅಂತ ನಮ್ಮ ಸೀನಿಯರ್ಸ್ ಬೈಕೊಳ್ತಿದ್ರು.

ಈಗ ಒಬ್ರೇ ಗೆದ್ರಾ ಅನ್ನೋದಕ್ಕೆ ಬರ್ತೀನಿ. ಇಲ್ಲ. ಯಾವ ಲಡಾಯೀನೂ ಹಂಗ್ ಆಗಲ್ಲ. 18 ಗ್ರೆನೇಡಿಯರ್ಸ್‌ಗೆ ಆಗ ಸಿಒ, ಅಂದ್ರೆ ಪಲ್ಟನ್ನಿನ ಮುಖ್ಯಸ್ಥ ಕರ್ನಲ್ ಖುಶಾಲ್ ಠಾಕೂರ್, ಅವ್ರ ಪಲ್ಟನ್ನು ಬೇರೆ ಬೇರೆ ಕಡೆಯಿಂದ ಹತ್ತಿತು. ಪೂರ್ವದ ಕಡೆ ಕ್ಯಾಪ್ಟನ್ ಸಚಿನ್ ನಿಂಬಾಳ್ಕರ್ ಕಂಪನಿ, ಅವ್ರಿಗೆ ವೀರ ಚಕ್ರ. ಯಾರೂ ಬರಲ್ಲ ಅಂತ ಶತ್ರು ಅಂದ್ಕೊಂಡಿದ್ದ ನೆಟ್ಟನೆ ಬಂಡೆ ಕಡೆ ಲೆಫ್ಟಿನೆಂಟ್ ಬಲವಾನ್ ಸಿಂಗ್ ಅವ್ರ ಘಾತಕ್, ಅವ್ರಿಗೆ ಮಹಾವೀರ ಚಕ್ರ. ಪಶ್ಚಿಮದ ಏಣಿನಲ್ಲಿ 8 ಸಿಖ್ ಪಲ್ಟನ್ನು, ಅವ್ರು ಆ ಕಡೆ ಹಿಡೀದೇ ಇದ್ದಿದ್ರೆ ಮೇಲೆ ಹತ್ತಿದೋರು ಅಲ್ಲಿ ಉಳ್ಕೊಳ್ಳೋದೇ ಕಷ್ಟ ಆಗ್ತಿತ್ತು. ಕೆಳಗೆ ತೋಪಿನೋರು, ಇನ್ನೂ ಕೆಳಗೆ ರಾತ್ರಿಯೆಲ್ಲ ನೀರು, ಗುಂಡು ಹೊತ್ಕೊಂಡು ಬರೋ ಹುಡುಗ್ರು, ವಾಪಸ್ ಹೋಗ್ತಾ ಗಾಯ ಆದೋರ್ನ ಹೊತ್ಕೊಂಡು ಇಳಿಯೋರೂ ಅವ್ರೇ.

ಹಂಗಾದ್ರೆ ಯಾದವ್ ಸಾಬ್ ಮಾಡಿದ್ದೇನು? ತೋಪಿನ ಫೈರು ನಮ್ಮನ್ನ ಕೊನೇವರ್ಗೂ ಕಾಯಲ್ಲ. ಬಂಕರ್ ಹತ್ರ ಹತ್ರ ಹೋದಂಗೆ ನಮ್ಮದೇ ಶೆಲ್ಲಿನ ಚೂರು ನಮಗೇ ಹೊಡೆಯುತ್ತೆ, ಅದಕ್ಕೆ ಫೈರು ಮುಂದಕ್ಕೆ ಎತ್ತುಸ್ತಾರೆ. ಅಲ್ಲಿಂದ ಬಂಕರ್ ತನ್ಕ ಇರೋ ಜಾಗ ಐತಲ್ಲ ಅದು ಯಾರಪ್ಪಂದೂ ಅಲ್ಲ. ಶೆಲ್ ಬೀಳೋದು ನಿಲ್ತಿದ್ದಂಗೆ ಅವ್ನು ತಲೆ ಎತ್ತಿ ಗನ್ನಿಗೆ ಕೈ ಹಾಕ್ತಾನೆ, ಅಷ್ಟರಲ್ಲಿ ನೀನು ಅವ್ನ ಮೇಲಿರ್ಬೇಕು. ಇರ್ಲಿಲ್ಲ ಅಂದ್ರೆ ಅಲ್ಲೇ ಅಂಟ್ಕೊಂತೀಯ, ಮುಂದೆ ಹೋಗಂಗಿಲ್ಲ ಹಿಂದೆ ಬರಂಗಿಲ್ಲ. ಅಲ್ಲಿ ಮೊದ್ಲು ಬಿದ್ದೋರು ಮುಂದಿದ್ದೋರೇ. ಹಿಂದೆ ಹಗ್ಗ ಹಿಡ್ಕೊಂಡು ಪ್ಲಟೂನೇ ನೇತಾಡ್ತಾ ಇದೆ, ಬೆಳಕಾದ್ರೆ ಎಲ್ರೂ ಹೋಗ್ತಾರೆ. ಆ ಹೊತ್ನಲ್ಲಿ ಮುಂದಿನ ಹೆಜ್ಜೆ ಯಾರಿಡ್ತಾರೆ ಅನ್ನೋದೇ ಪ್ರಶ್ನೆ, ಆರ್ಡರ್ ಕೊಡೋಕೆ ಯಾರೂ ಇರಲ್ಲ, ಕೊಟ್ರೂ ಕೇಳ್ಸಲ್ಲ. ಮೈಯಲ್ಲಿ ಗುಂಡು ಇಟ್ಕೊಂಡು ಆ 60 ಅಡಿ ಹತ್ತಿದ್ರು. ನೂರಾರು ಜನ ಸೇರಿ ಮಾಡ್ತಿದ್ದ ಕೆಲ್ಸ ಆ ರಾತ್ರಿ ಅಲ್ಲಿ ಬಂದು ಸಿಕ್ಕಾಕೊಂಡಿತ್ತು, ಬಿಡಿಸಿದ್ದು ಅವ್ರು. ಮಕ್ಕಳಿಗೆ ಇದನ್ನ ಹೇಳಪ್ಪ.

ಚಿಂತಾಮಣಿ ಹುಡುಗ:

ಅಣ್ಣ ತುಂಬಾ ಥ್ಯಾಂಕ್ಸ್, ನಿಜವಾಗ್ಲೂ ಮೈ ಜುಮ್ ಅಂತು. ಒಂದು ಡೌಟು, ಕೇಳ್ತಿದೀನಿ ಅಂತ ತಪ್ಪು ತಿಳ್ಕೋಬೇಡಿ. ಎಲ್ರೂ ಸೇರಿ ಮಾಡಿದ್ದು ಅಂತ ಒತ್ತಿ ಒತ್ತಿ ಹೇಳಿದ್ರೆ ಅವರ ಶೌರ್ಯಾನ ಕಮ್ಮಿ ಮಾಡಿದಂಗೆ ಆಗಲ್ವಾ? ನಮ್ಮ ಸಂಘದ ಅಧ್ಯಕ್ಷರಿಗೆ ನಿಮ್ಮ ಮೆಸೇಜ್ ತೋರಿಸ್ದೆ, ಲೋ ಹುಡುಗ್ರಿಗೆ ಹೀರೋ ಬೇಕು ಕಣೋ, ಪಲ್ಟನ್ನು ಕಂಪನಿ ಅಂತ ಲೆಕ್ಕ ಹೇಳ್ತಾ ಕೂತ್ರೆ ಆಕಳಿಸ್ತಾರೆ ಅಂದ್ರು. ಆಮೇಲೆ ಬಂಕರ್ ಗೆದ್ಮೇಲೆ ಏನಾಯ್ತು? ಸತ್ತಂಗೆ ಬಿದ್ಕೊಂಡಿದ್ರು ಅಂತಾರಲ್ಲ ಅದು ಅಲ್ಲೇನಾ?

ಹಳೇ ಫೌಜಿ, ಶಿರಾ:

ಅಧ್ಯಕ್ಷರಿಗೆ ಹೇಳು, ಕಮ್ಮಿ ಆಗಲ್ಲ ಜಾಸ್ತಿ ಆಗುತ್ತೆ ಅಂತ. ಒಬ್ನೇ ಇದ್ದಾಗ ಹೋರಾಡೋದು ಬಿಟ್ರೆ ಗತಿ ಇರಲ್ಲ, ಬೆಕ್ಕನ್ನ ರೂಮಲ್ಲಿ ಕೂಡಾಕಿದ್ರೆ ಅದೂ ಮೇಲೆ ಬೀಳುತ್ತೆ. ಗುಂಪಲ್ಲಿದ್ದಾಗ ನಾನ್ಯಾಕೆ ಬೇರೆ ಯಾರಾದ್ರೂ ಹೋಗ್ಲಿ ಅಂತ ಬಂಡೆ ಹಿಂದೆ ತಲೆ ತಗ್ಗಿಸ್ಕೊಂಡು ಇರ್ಬೋದು, ಕತ್ಲಲ್ಲಿ ಯಾರೂ ನೋಡಲ್ಲ ಯಾರೂ ಕೇಳಲ್ಲ. ಅಂಥಾ ಕಡೆ ನಾನು ಹೋಗ್ತೀನಿ ಅನ್ನೋದೈತಲ್ಲ.

ಬಂಕರ್ ಆದ್ಮೇಲಿನ ಕಥೆ ಅವ್ರೇ ಹೇಳಿರೋ ಪ್ರಕಾರ ಹೀಗೆ. ಮೇಲೆ ಹತ್ತಿದ ಸ್ವಲ್ಪ ಜನ ಇದ್ರು, ಬೆಳಕಾದ್ಮೇಲೆ ಶತ್ರು ಕೌಂಟರ್ ಅಟ್ಯಾಕ್ ಮಾಡ್ದ. ಇದನ್ನ ವಿಡಿಯೋದೋರು ಸರಿಯಾಗಿ ತೋರ್ಸಲ್ಲ, ಬಂಕರ್ ಹಿಡಿದ್ರೆ ಮುಗೀತು ಅಂತ ಬಾವುಟ ಹಾರಿಸ್ಬಿಡ್ತಾರೆ. ನಿಜವಾದ ಸಾವು ಶುರುವಾಗೋದೇ ಅಲ್ಲಿಂದ. ನಿನ್ ಹತ್ರ ಗುಂಡು ಖಾಲಿಯಾಗ್ತಾ ಬಂದಿರುತ್ತೆ, ನೀರಿಲ್ಲ, ಅರ್ಧ ಜನ ಗಾಯ, ಕೆಳಗಿಂದ ಸಹಾಯ ಬರೋಕೆ ಅದೇ ಬಂಡೆ ಹತ್ಬೇಕು. ಅವ್ನಿಗೆ ಆ ಜಾಗದ ಸಂದಿಗೊಂದಿ ಎಲ್ಲ ಗೊತ್ತು. ಜೊತೆಗಿದ್ದೋರು ಒಬ್ಬೊಬ್ರೇ ಹೋದ್ರು. ಸತ್ತಿದಾರಾ ಅಂತ ನೋಡೋಕೆ ಬಂದೋರು ಹೆಣಗಳ ಮೇಲೂ ಗುಂಡು ಹಾರಿಸಿದ್ರು, ಯಾದವ್ ಸಾಬ್ ಅಲುಗಾಡ್ದೆ ಬಿದ್ಕೊಂಡಿದ್ರು. ಬಿದ್ಕೊಂಡೇ ಅವ್ರ ಮಾತು ಕೇಳಿಸ್ಕೊಂಡ್ರು, ಕೆಳಗಡೆ ಇರೋ ನಮ್ಮ ಎಂಎಂಜಿ (ಮೀಡಿಯಂ ಮಷೀನ್ ಗನ್) ಪೋಸ್ಟ್ ಮೇಲೆ ಅಟ್ಯಾಕ್ ಮಾಡ್ತಾರೆ ಅಂತ. ಆಮೇಲೆ ಉಳ್ಕೊಂಡಿದ್ದ ಒಂದು ಗ್ರೆನೇಡ್ ಎಸೆದು, ಬಿದ್ದಿದ್ದ ರೈಫಲ್ ತಗೊಂಡು ಜಾಗ ಬದಲಾಯಿಸ್ತಾ ಬದಲಾಯಿಸ್ತಾ ಹೊಡೆದ್ರು, ತುಂಬ ಜನ ಬಂದವ್ರೆ ಅಂತ ಅವ್ರಿಗೆ ಅನ್ನಿಸ್ಲಿ ಅಂತ. ಒಂದು ಕೈ ಪೂರ್ತಿ ಕೆಲ್ಸಕ್ಕೆ ಬಾರ್ದಂಗಾಗಿತ್ತು. ನಾಲಾ ಹಿಡ್ಕೊಂಡು ಜಾರ್ತಾ ಉರುಳ್ತಾ ಕೆಳಗೆ ಬಂದು ಇಂಥಾ ಕಡೆ ಅಟ್ಯಾಕ್ ಬರ್ತಾ ಐತೆ ಅಂತ ಹೇಳಿದ್ರು.

ನನ್ನ ಕೇಳಿದ್ರೆ ಪರಮವೀರ ಚಕ್ರ ಕೊಡೋಕೆ ಆ ಇಳಿದು ಬಂದಿದ್ದೊಂದೇ ಸಾಕಾಗಿತ್ತು. ಸಿಟ್ಟಲ್ಲಿ, ಬಿಸಿ ರಕ್ತದಲ್ಲಿ ಮುಂದೆ ನುಗ್ಗೋದು ಒಂದು ಥರ. ಎಲ್ಲ ಮುಗಿದ್ಮೇಲೆ ಮೈಯೆಲ್ಲ ತೂತಾಗಿ ಬಿದ್ದಿರುವಾಗ ನಾನು ಕೇಳಿಸ್ಕೊಂಡಿದ್ದು ಕೆಳಗೆ ಮುಟ್ಟಿಸ್ಬೇಕು ಅಂತ ತಲೆ ಓಡೋದು ಬೇರೇನೇ. ಸ್ಕೂಲ್ ಹುಡುಗ್ರಿಗೆ ಗ್ರೆನೇಡ್ ಎಸೆದಿದ್ದಕ್ಕಿಂತ ಇದನ್ನ ನಿಧಾನಕ್ಕೆ ಹೇಳು, ಯಾರೂ ಆಕಳಿಸಲ್ಲ ಬೇಕಾದ್ರೆ ನೋಡು.

ಇನ್ನೊಂದು. ಮುಂದೆ ನುಗ್ಗಿದೋನೇ ಧೈರ್ಯವಂತ ಅಂತಲ್ಲ. ಅದೇ ಯುದ್ಧದಲ್ಲಿ ಟೋಲೋಲಿಂಗ್ ಅನ್ನೋ ಇನ್ನೊಂದು ಬೆಟ್ಟದಲ್ಲಿ 2 ರಾಜಪುತಾನಾ ರೈಫಲ್ಸ್‌ನ ನಾಯಕ್ ದಿಗೇಂದ್ರ ಕುಮಾರ್ ಅಂತ ಇದ್ರು, ಎಲ್‌ಎಂಜಿ (ಲೈಟ್ ಮಷೀನ್ ಗನ್) ಗ್ರೂಪಿನ ಕಮಾಂಡರ್ರು. ಅವ್ರ ಕೆಲ್ಸ ಹಿಂದಿನಿಂದ ಕವರಿಂಗ್ ಫೈರ್ ಕೊಡೋದು, ಮುಂದಿನೋರು ಓಡುವಾಗ ಶತ್ರು ತಲೆ ಎತ್ತದಂಗೆ ನೋಡ್ಕೊಳ್ಳೋದು. ಎಡಗೈಗೆ ಗುಂಡು ಬಿತ್ತು. ಅವ್ರು ನಿಲ್ಸಿದ್ರೆ ಮುಂದೆ ಓಡ್ತಿದ್ದೋರು ಬಯಲಲ್ಲಿ ಸಾಯ್ತಾರೆ. ಒಂದೇ ಕೈಲಿ ಫೈರ್ ಮಾಡ್ತಾನೇ ಇದ್ರು. ಮಹಾವೀರ ಚಕ್ರ ಸಿಕ್ತು. ಸೆಕ್ಷನ್ನಲ್ಲಿ ನಾವು ಹತ್ತು ಜನ ಇರ್ತೀವಿ, ಎಲ್‌ಎಂಜಿ ಹೊಡೆಯೋನ ಮೇಲೆ ನಂಬಿಕೆ ಇದ್ರೇನೇ ಕಾಲು ಮುಂದಕ್ಕೆ ಬರೋದು, ಇಲ್ಲಾಂದ್ರೆ ಬರಲ್ಲ.

ಕೆಜಿಎಫ್ ಮಗಾ:

ಸರ್ ಒಪ್ಪಿದೆ. ಇಳಿದು ಬಂದಿದ್ದರ ಬಗ್ಗೆ ನಾನು ಯೋಚನೆನೇ ಮಾಡಿರ್ಲಿಲ್ಲ. ಟಿವಿಯೋರ ಮೇಲಿನ ಕೋಪ ಮಾತ್ರ ಇನ್ನೂ ಹಂಗೇ ಐತೆ, ಇಷ್ಟು ಚೆನ್ನಾಗಿರೋ ಕಥೆಗೆ ಅವ್ರು ಹಾಕೋ ಮ್ಯೂಸಿಕ್ಕು ಯಾಕೆ ಬೇಕು.

ತುಮಕೂರು ಅಕ್ಕ:

ನಾನು ಮಿಲಿಟ್ರಿಯವರ ಮನೆಯವಳು, ನಮ್ಮೆಜಮಾನ್ರು ಇನ್ನೂ ಸರ್ವೀಸಲ್ಲಿದಾರೆ, ಅದಕ್ಕೆ ನನಗೆ ಬೇರೆ ಥರ ಕಾಣುತ್ತೆ. ಯಾದವ್ ಅವರಿಗೆ ಪರಮವೀರ ಚಕ್ರ ಮೊದಲು ಅನೌನ್ಸ್ ಆಗಿದ್ದು ಮರಣೋತ್ತರ ಅಂತ, ಗೊತ್ತಾ? ಆಮೇಲೆ ನೋಡಿದ್ರೆ ಇವರು ಆಸ್ಪತ್ರೇಲಿ ಇದಾರೆ, ಹೋದವರು ಅದೇ ಹೆಸರಿನ ಇನ್ನೊಬ್ಬ ಯೋಗೇಂದ್ರ ಯಾದವ್. ಒಂದು ಮನೆಗೆ ಮಗ ಬದುಕಿದಾನೆ ಅಂತ ಸುದ್ದಿ, ಅದೇ ಹೆಸರಿನ ಇನ್ನೊಂದು ಮನೆಗೆ? ಅವರ ಹೆಸರು ಯಾವ ವಿಡಿಯೋದಲ್ಲೂ ಬರಲ್ಲ. ತಮ್ಮ ನೀನು ಹೇಳುವಾಗ ಅವರನ್ನೂ ಒಂದು ಸಲ ನೆನೆಸಿಕೊಂಡು ಹೇಳಪ್ಪ.

ಮತ್ತೆ ಯಾದವ್ ಅವರ ತಂದೆನೂ ಕುಮಾವ್ ರೆಜಿಮೆಂಟಲ್ಲಿ ಇದ್ದವರು, 65 ಮತ್ತು 71ರ ಯುದ್ಧ ನೋಡಿದವರು. ಯುದ್ಧಕ್ಕೆ ಹೋದ್ರೆ ಏನಾಗುತ್ತೆ ಅಂತ ಗೊತ್ತಿದ್ದೂ ಮಗನ್ನ ಹದಿನಾರನೇ ವಯಸ್ಸಿಗೆ ಕಳಿಸಿದ್ರು. ಹೈಸ್ಕೂಲ್ ಹುಡುಗರಿಗೆ ನಿಮ್ಮ ವಯಸ್ಸಲ್ಲೇ ಅವರು ಭರ್ತಿ ಆಗಿದ್ದು ಅಂತ ಹೇಳು, ಕೂತ್ಕೊಂಡು ಕೇಳ್ತಾರೆ. ಬದುಕಿ ಬಂದು 2021ರ ಕೊನೆವರೆಗೂ ಸರ್ವೀಸ್ ಮಾಡಿ ಆನರರಿ ಕ್ಯಾಪ್ಟನ್ ಆಗಿ ರಿಟೈರ್ ಆದ್ರು. ನಮ್ಮಂಥ ಮನೆಗಳಲ್ಲಿ ಕಥೆಯ ಈ ಭಾಗಾನೇ ಜಾಸ್ತಿ ಹೇಳೋದು.

ಕೇಳ್ಬೇಕಿದ್ದಿದ್ದು, ಕಾರ್ಗಿಲ್‌ನಲ್ಲಿ ನಮ್ಮ ಕರ್ನಾಟಕದವರು ಯಾರೂ ಇರ್ಲಿಲ್ವಾ? ಮಕ್ಕಳಿಗೆ ನಮ್ಮ ಕಡೆಯವರ ಹೆಸರು ಹೇಳಿದ್ರೆ ಬೇಗ ನಾಟುತ್ತೆ.

ಕೋಲಾರದ ಮೇಷ್ಟ್ರು:

ಇದ್ರಮ್ಮ, ಅದೂ ಬಹಳ ಮುಖ್ಯವಾದ ಜಾಗದಲ್ಲಿ. ಹವಾಲ್ದಾರ್ ಸಾಹೇಬ್ರು ಟೋಲೋಲಿಂಗ್ ಅಂದ್ರಲ್ಲ, ಅವತ್ತು 2 ರಾಜಪುತಾನಾ ರೈಫಲ್ಸ್‌ಗೆ ಸಿಒ ಆಗಿದ್ದವರು ನಮ್ಮವರು, ಎಂ.ಬಿ. ರವೀಂದ್ರನಾಥ್, ದಾವಣಗೆರೆ ಕಡೆಯವರು. ಟೋಲೋಲಿಂಗ್ ಕಥೆ ಟೈಗರ್ ಹಿಲ್ಲಿಗಿಂತ ಮೊದಲಿಂದು, ನನ್ನ ಪ್ರಕಾರ ಇನ್ನೂ ದೊಡ್ಡದು. ಮೊದಲು ಅದೇ 18 ಗ್ರೆನೇಡಿಯರ್ಸ್ ಅಲ್ಲಿ ಹತ್ತೋಕೆ ಹೋಗಿ ಮೇ 30ಕ್ಕೆ ಮೇಜರ್ ರಾಜೇಶ್ ಅಧಿಕಾರಿ, ಆಮೇಲೆ ಲೆಫ್ಟಿನೆಂಟ್ ಕರ್ನಲ್ ವಿಶ್ವನಾಥನ್, ಇನ್ನೂ ಎಷ್ಟೋ ಜನರನ್ನ ಕಳಕೊಂಡ್ರು. ಅಷ್ಟಾದ ಮೇಲೆ ಜೂನ್ 12ರ ರಾತ್ರಿ 2 ರಾಜಪುತಾನಾ ರೈಫಲ್ಸ್ ಹತ್ತಿ 13ಕ್ಕೆ ಹಿಡಿದದ್ದು. ಮುಂದೆ ನಿಂತು ನಡೆಸಿದ ಮೇಜರ್ ವಿವೇಕ್ ಗುಪ್ತಾ ಅಲ್ಲೇ ಪ್ರಾಣ ಬಿಟ್ರು. ರವೀಂದ್ರನಾಥ್ ಅವರಿಗೆ ವೀರ ಚಕ್ರ ಬಂತು, 2018ರಲ್ಲಿ ತೀರಿಕೊಂಡ್ರು. ನಮ್ಮ ಪಠ್ಯದಲ್ಲಿ ಅವರ ಮೇಲೆ ಒಂದು ಪಾಠ ಹಾಕಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತೆ, ನಮ್ಮ ಮಕ್ಕಳಿಗೆ ಅವರ ಹೆಸರೇ ಗೊತ್ತಿಲ್ಲ.

ಅಕ್ಕ ಹೇಳಿದ ಇನ್ನೊಬ್ಬ ಯಾದವ್ ವಿಷಯದಿಂದ ಒಂದು ನೆನಪಾಯ್ತು. ಪರಮವೀರ ಚಕ್ರ ಇಲ್ಲಿವರೆಗೆ ಸಿಕ್ಕಿರೋದು 21 ಜನಕ್ಕೆ, ಅದರಲ್ಲಿ 14 ಮರಣೋತ್ತರ. ಕಾರ್ಗಿಲ್ಲಿನ ನಾಲ್ವರಲ್ಲಿ ವಿಕ್ರಮ್ ಬಾತ್ರಾ, ಮನೋಜ್ ಕುಮಾರ್ ಪಾಂಡೆ ಹೋದ್ರು, ಯಾದವ್ ಮತ್ತು ಸಂಜಯ್ ಕುಮಾರ್ ಉಳಿದ್ರು. ಪದಕಕ್ಕೆ ನೋಡಿದವರು ಬೇಕು, ನೋಡಿದವರೇ ಉಳಿಯದಿದ್ರೆ? 1962ರ ನವೆಂಬರ್ 18ಕ್ಕೆ ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಕಂಪನಿ, 13 ಕುಮಾವ್‌ನ ಸುಮಾರು 120 ಜನ, ನೂರಕ್ಕೂ ಹೆಚ್ಚು ಜನ ಅಲ್ಲೇ ಮಡಿದ್ರು. ಬದುಕಿ ಬಂದ ಬೆರಳೆಣಿಕೆ ಮಂದಿ ನಡೆದದ್ದು ಹೇಳಿದ್ರೆ ಮೊದಮೊದಲು ನಂಬಿದವರು ಕಡಿಮೆ. ಚಳಿಗಾಲ ಕಳೀತಾ ಬಂದು 1963ರಲ್ಲಿ ಕುರುಬನೊಬ್ಬ ಅಲ್ಲಿಗೆ ಹೋದಾಗ ಹಿಮದಲ್ಲಿ ಹೆಪ್ಪುಗಟ್ಟಿದ ಹೆಣಗಳು ಟ್ರೆಂಚಲ್ಲಿ ಆಯುಧ ಹಿಡಿದ ಹಾಗೇ ಇದ್ವು. ಆಗ ನಂಬಿದ್ರು.

ಹಳೇ ಫೌಜಿ, ಶಿರಾ:

ಮೇಷ್ಟ್ರು ಸಂಜಯ್ ಕುಮಾರ್ ಹೆಸರು ಹೇಳಿ ಮುಂದಕ್ಕೆ ಹೋಗ್ಬಿಟ್ರು, ಅವ್ರನ್ನ ಬಿಡಂಗಿಲ್ಲ. 13 ಜಮ್ಮು ಕಾಶ್ಮೀರ್ ರೈಫಲ್ಸ್, ಜುಲೈ 4, ಪಾಯಿಂಟ್ 4875 ಅನ್ನೋ ಶಿಖರ. ಲೀಡಿಂಗ್ ಸ್ಕೌಟ್, ಅಂದ್ರೆ ಸಾಲಲ್ಲಿ ಎಲ್ರಿಗಿಂತ ಮುಂದೆ ಹೋಗೋನು, ಗುಂಡು ಮೊದ್ಲು ಸಿಗೋದೂ ಅವ್ನಿಗೇ. ಎದೆಗೆ ಮುಂಗೈಗೆ ಗುಂಡು ಬಿದ್ರೂ ಬಂಕರ್ ಒಳಗೆ ನುಗ್ಗಿ ಕೈಕೈ ಮಿಲಾಯಿಸಿ ಮೂವರ್ನ ಮುಗಿಸಿ, ಅವ್ರದೇ ಮಷೀನ್ ಗನ್ ಕಿತ್ಕೊಂಡು ಓಡ್ತಿದ್ದೋರ ಕಡೆ ತಿರುಗಿಸಿದ್ರು. ಆರ್ಮಿಗೆ ಸೇರೋಕ್ ಮುಂಚೆ ದೆಹಲೀಲಿ ಟ್ಯಾಕ್ಸಿ ಓಡಿಸ್ತಿದ್ರು, ಭರ್ತೀಲಿ ಮೂರು ಸಲ ರಿಜೆಕ್ಟ್ ಆಗಿದ್ರು. ನಿಮ್ಮೂರ ಕಡೆ ಭರ್ತಿ ರ‍್ಯಾಲಿಗೆ ಅಂತ ಬೆಳಿಗ್ಗೆ ಎದ್ದು ಓಡೋ ಹುಡುಗ್ರು ಎಷ್ಟೋ ಜನ ಇರ್ತಾರಲ್ಲ, ಅವ್ರಿಗೆ ಇದನ್ನ ಹೇಳು.

ಕೆಜಿಎಫ್ ಮಗಾ:

ಸರ್ ಒಂದು ಕೇಳ್ಲಾ, ಬೈಬೇಡಿ. ಆ ಕಡೆ ಇದ್ದೋರು ಹೆಂಗಿದ್ರು? ವಿಡಿಯೋಗಳಲ್ಲಿ ಎಲ್ಲ ಹೇಡಿಗಳು ಅಂತ ತೋರಿಸ್ತಾರೆ. ಹೇಡಿಗಳಾಗಿದ್ರೆ ಬೆಟ್ಟ ಹಿಡಿಯೋಕೆ ಇಷ್ಟು ಕಷ್ಟ ಯಾಕ್ ಪಡ್ಬೇಕಿತ್ತು?

ಹಳೇ ಫೌಜಿ, ಶಿರಾ:

ಬೈಯಲ್ಲ, ಇದನ್ನ ಕೇಳ್ದೋನು ನೀನೊಬ್ನೇ. ಆ ಕಡೆ ಇದ್ದಿದ್ದು ಪಾಕಿಸ್ತಾನದ ನಾರ್ದರ್ನ್ ಲೈಟ್ ಇನ್‌ಫೆಂಟ್ರಿ, ಬೆಟ್ಟದಲ್ಲೇ ಹುಟ್ಟಿ ಬೆಳೆದ ಹುಡುಗ್ರು. ಚೆನ್ನಾಗೇ ಹೋರಾಡಿದ್ರು. ಅವ್ರ ಸರ್ಕಾರ ಮಾತ್ರ ಅವ್ರು ನಮ್ ಸೈನಿಕರೇ ಅಲ್ಲ ಅಂತ ಕೈ ತೊಳ್ಕೊಂಡಿತ್ತು. ಇದೇ ಟೈಗರ್ ಹಿಲ್‌ನಲ್ಲಿ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಅಂತ, ಹೆಸರೇ ಕರ್ನಲ್, ರ‍್ಯಾಂಕು ಕ್ಯಾಪ್ಟನ್, ನಮ್ಮ ಹುಡುಗ್ರ ಮೇಲೆ ಕೌಂಟರ್ ಅಟ್ಯಾಕ್ ತಗೊಂಡು ಬಂದು ಅಲ್ಲೇ ಸತ್ತೋದ. ನಮ್ಮ 192 ಮೌಂಟನ್ ಬ್ರಿಗೇಡಿನ ಕಮಾಂಡರ್ರು, ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ, ಹೆಣ ವಾಪಸ್ ಕಳಿಸುವಾಗ ಜೇಬಲ್ಲಿ ಒಂದು ಚೀಟಿ ಇಟ್ಟು ಕಳಿಸಿದ್ರು, ಈತ ಬಹಳ ಧೈರ್ಯವಾಗಿ ಹೋರಾಡಿದಾನೆ ಇವನಿಗೆ ಸಲ್ಲಬೇಕಾದ್ದು ಸಲ್ಲಲಿ ಅನ್ನೋ ಅರ್ಥದಲ್ಲಿ. ಆಮೇಲೆ ಪಾಕಿಸ್ತಾನ ಅವ್ನಿಗೆ ನಿಶಾನ್-ಎ-ಹೈದರ್ ಕೊಡ್ತು, ಅವ್ರ ಪರಮವೀರ ಚಕ್ರ ಅದು. ಎದುರಾಳಿ ಹೇಡಿ ಅಂದ್ರೆ ನಮ್ಮ ಯಾದವ್ ಸಾಬ್ ಗೆದ್ದಿದ್ದಕ್ಕೆ ಬೆಲೆ ಏನಿರುತ್ತೆ?

ತುಮಕೂರು ಅಕ್ಕ:

ಇದನ್ನ ಸ್ಟೇಜ್ ಮೇಲೆ ಹೇಳಿದ್ರೆ ಯಾರಾದ್ರೂ ಗಲಾಟೆ ಮಾಡ್ತಾರೇನೋ ಅಣ್ಣ. ಹುಡುಗ ಪಾಪ ಸಿಕ್ಕಾಕೊಳ್ತಾನೆ.

ಚಿಂತಾಮಣಿ ಹುಡುಗ:

ಅಕ್ಕ, ಹೆಡ್‌ಮೇಷ್ಟ್ರನ್ನ ಕೇಳ್ದೆ. ಚೀಟಿ ಬರೆದೋರು ನಮ್ಮ ಬ್ರಿಗೇಡಿಯರ್ರೇ ತಾನೆ, ಧಾರಾಳವಾಗಿ ಹೇಳು, ಯಾರಾದ್ರೂ ಎದ್ದು ನಿಂತ್ರೆ ನನ್ ಕಡೆ ಕಳಿಸು ಅಂದ್ರು. ಸಂಘದ ಅಧ್ಯಕ್ಷರು ಮಾತ್ರ ಇನ್ನೂ ಮ್ಯೂಸಿಕ್ ಹಾಕ್ಲೇಬೇಕು ಅಂತಾವ್ರೆ. ಟೋಲೋಲಿಂಗ್‌ನಿಂದ ಶುರು ಮಾಡಿ, ರವೀಂದ್ರನಾಥ್ ಸರ್ ಹೆಸರು ಹೇಳಿ, ಆಮೇಲೆ ಟೈಗರ್ ಹಿಲ್ಲಿಗೆ ಬರ್ತೀನಿ. ಫೌಜಿ ಅಣ್ಣ, ಶಿರಾದಿಂದ ಚಿಂತಾಮಣಿ ದೂರ ಅಂತ ಗೊತ್ತು, ಬೈಕ್ ಕಳಿಸ್ಲಾ ಅಂತ ಕೇಳೋಕೂ ನಾಚಿಕೆ ಆಗುತ್ತೆ, ಆದ್ರೂ 26ಕ್ಕೆ ಬಿಡುವಿದೆಯಾ?

ಹಳೇ ಫೌಜಿ, ಶಿರಾ:

ಬೈಕ್ ಬೇಡ ಬಸ್ಸಲ್ಲೇ ಬರ್ತೀನಿ. ಭಾಷಣ ಮಾತ್ರ ನೀನೇ ಮಾಡ್ಬೇಕು, ನಾನು ಹುಡುಗ್ರು ಕೇಳಿದ್ದಕ್ಕೆ ಉತ್ರ ಹೇಳ್ತೀನಿ ಅಷ್ಟೇ. ಅಧ್ಯಕ್ಷರ ಮ್ಯೂಸಿಕ್ ವಿಷ್ಯ ನೀನೇ ನೋಡ್ಕೊ.